ಕಲೆ ತೆಗೆಯುವ ಅಂಗಡಿ

ಊರಿನ ಹೆಸರು ಹಲ್. ನಗಬೇಡಿ,
ಫೋನಿನಲ್ಲಿ ಸೋದರತ್ತೆಯೂ ನಕ್ಕಾಗಿದೆ,
‘ಮೇಲಿನದೋ ಕೆಳಗಿನದೋ?’ ಎಂದು.
ಮಣ್ಣುಬಣ್ಣದ ಹೊಳೆ ಕಡಲಿಗೆ ಬಾಯಿ ತೆರೆಯುವಲ್ಲಿ
ಒಂದೇ ಅಳತೆಯ ಇಟ್ಟಿಗೆ ಮನೆಗಳು, ಹಿಂದೆ ಹತ್ತಡಿ ಓಣಿ,
ಮೂಲೆಗೆ ನನ್ನ ಲಾಂಡ್ರಿ.
ಹನ್ನೊಂದು ಮಷೀನು. ನಾಲ್ಕನೆಯದಕ್ಕೆ ಮೈಮೇಲೆ ದೇವರು ಬರುತ್ತದೆ,
ಬುಡಕ್ಕೊಂದು ಇಟ್ಟಿಗೆ ಒತ್ತುಕೊಟ್ಟು ಸಮಾಧಾನ ಮಾಡಬೇಕು.

ಈ ಓಣಿಯಲ್ಲಿ ಕಲಾವಿದರು ಎಷ್ಟು ಜನ
ಎಂದು ಕೌನ್ಸಿಲ್‌ನವರು ಎಣಿಸಿಕೊಂಡು ಹೋದರು.
ನನ್ನ ಲೆಕ್ಕ ಬೇರೆ, ನಾನು ಬಟ್ಟೆಯಿಂದ ಎಣಿಸುವವಳು.
ಯಾರೆಕ್‌ನ ಮೇಲಂಗಿಯಲ್ಲಿ ಸಾಸಿವೆ ಕಾಳಿನಷ್ಟು ತೂತುಗಳು:
ರಾತ್ರಿಯೆಲ್ಲ ವೆಲ್ಡಿಂಗ್. ಗುಜರಿಯ ಕೊಕ್ಕರೆಗೆ ಕಾಲು ಬಂದಿರಬೇಕು.
ಕ್ಷೌರದಂಗಡಿ ಹೇಮಿನ್‌ನ ಟವೆಲ್ಲುಗಳಲ್ಲಿ
ಕೂದಲ ಜೊತೆ ಇದ್ದಿಲ ಪುಡಿ. ಗಿರಾಕಿ ಇಲ್ಲದ ಮಧ್ಯಾಹ್ನ
ಮತ್ತೆ ಕುದುರೆ ಬರೆದಿದ್ದಾನೆ, ದರಪಟ್ಟಿಯ ಬೆನ್ನಿಗೆ.
ಟಾಮ್ಸಿನ್ ಬಂದರೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತದೆ,
ಅವಳ ಜೇಬಿನ ಜೇಡಿಮಣ್ಣು ಹೋದ ಚಳಿಗಾಲ ಮೋರಿ ಕಟ್ಟಿತು.
ತೊಂಬತ್ತೈದು ಪೌಂಡು. ಅರ್ಧ ಕೊಟ್ಟಳು,
ಉಳಿದರ್ಧಕ್ಕೆ ಒಂದು ಉಪ್ಪಿನಕಾಯಿ ಭರಣಿ.
ಮುಚ್ಚಳ ಕೂರುವುದಿಲ್ಲ.

ಇಳಕಲ್ಲಿನಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ.
ಅಪ್ಪನಿಗೆ ಮೊಣಕೈವರೆಗೆ ದಾಳಿಂಬೆ ಕೆಂಪು,
ಊಟಕ್ಕೆ ಕೂತರೆ ಎಲೆಯ ಅನ್ನವೂ ಕೆಂಪಾದೀತೆಂದು
ಪಂಕ್ತಿಯ ಹುಡುಗರು ನಗುತ್ತಿದ್ದರು.
ಬಣ್ಣ ಹಿಡಿಸಿ ಉಂಡ ಮನೆಯವಳು
ಬಣ್ಣ ಬಿಡಿಸಿ ಉಣ್ಣುತ್ತೇನೆ.
ಅವನಿದ್ದಿದ್ದರೆ ಮೊದಲು ಬೈದು
ಆಮೇಲೆ ಸೋಪು ಯಾವುದೆಂದು ಕೇಳುತ್ತಿದ್ದ.

ಜೂನಿನ ಒಂದು ಶನಿವಾರ ಇವರೆಲ್ಲ ಓಣಿಯಲ್ಲಿ ಮೇಜು ಹಾಕುತ್ತಾರೆ.
ಈ ಸಲ ಹನ್ನೊಂದೂವರೆಗೇ ಮಳೆ.
ಚೌಕಟ್ಟು, ಹಲಗೆ, ಕೊಕ್ಕರೆ ಸಮೇತ
ಅರ್ಧ ಓಣಿ ನನ್ನ ಅಂಗಡಿಗೆ ನುಗ್ಗಿತು.
ಹಗ್ಗ ಕಟ್ಟಿದೆವು, ಕ್ಲಿಪ್ಪು ಹಾಕಿ ಚಿತ್ರ ತೂಗಿದೆವು,
ಯಾರದೋ ಕಾಲುಚೀಲಗಳ ಪಕ್ಕಕ್ಕೆ.
ಕೊಕ್ಕರೆ ನಾಲ್ಕನೆಯದರ ನೆತ್ತಿಯಲ್ಲಿ ನಡುಗುತ್ತ ನಿಂತಿತು.
ಮಾರಿಹೋದದ್ದು ಎರಡು ಬಟ್ಟಲು, ಒಂದು ಕುದುರೆ.
ನನಗೆ ಮಾತ್ರ ಅಂದು ಇಪ್ಪತ್ತಾರು ಲೋಡು.
ನೀಲಿ ಟೋಪಿಯ ಹೆಂಗಸೊಬ್ಬಳು ಕೇಳಿದಳು,
ನೀವೂ ಕಲಾವಿದರೇ?
ನಾಲಗೆಗೆ ಮೊದಲು ಕನ್ನಡವೇ ಬಂತು:
‘ಅಲ್ಲ, ನಾನು ಕಲೆ ತೆಗೆಯುವವಳು.’
ಅವಳ ಭಾಷೆಗೆ ತಿರುಗಿಸಲು ಹೋದೆ,
ಒಂದು ಪದ ಒಡೆದು ಎರಡಾಗಿ ಕೈಗೆ ಬಂತು.
ಚಿಲ್ಲರೆ ಬೇಕೇ ಎಂದು ಕೇಳಿ ಪಾರಾದೆ.

ಬೆರಿಲ್ ಸ್ಟಾಥರ್ಸ್ ವಿಷಯ ಹೇಳಲೇ ಇಲ್ಲ.
ಎಪ್ಪತ್ತೆಂಟು. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದವಳು,
ಈಗ ಲಿನೋಲಿಯಮ್ ಕೊರೆದು, ಮಸಿ ಸವರಿ,
ನಮ್ಮ ಬೀದಿಯ ಬಾಗಿಲುಗಳನ್ನು ಒಂದೊಂದಾಗಿ ಅಚ್ಚು ಹಾಕುತ್ತಾಳೆ.
ಏಪ್ರನ್ ಒಗೆಯಲು ಕೊಡುವುದಿಲ್ಲ. ಚಳಿಯ ಬೆಳಿಗ್ಗೆ ತಂದು
ಡ್ರೈಯರಿನಲ್ಲಿ ಇಪ್ಪತ್ತು ಪೆನ್ಸಿನಷ್ಟು ಬಿಸಿ ಮಾಡಿಸಿಕೊಂಡು
ಹಂಚಿನಿಂದಿಳಿದ ರೊಟ್ಟಿಯಂತೆ ಎದೆಗವಚಿಕೊಂಡು ಹೋಗುತ್ತಾಳೆ.
ಅದನ್ನು ನಾನು ಓದಬಲ್ಲೆ.
ಮಡಿಲ ಕೆಂಪು ಹದಿನೇಳನೇ ಮನೆ,
ಹೆಗಲ ಬಳಿಯ ಬೂದು ಹೇಮಿನ್‌ನ ಅಂಗಡಿ,
ಸೊಂಟದ ದಾರಕ್ಕೆ ತಾಗಿದ ಕಡಲಹಸಿರು
ಟ್ರಾಲರಿನಲ್ಲಿ ಅಡುಗೆಯವನಾಗಿದ್ದ ಮುದುಕನದು.

ನನ್ನ ಬಾಗಿಲು ಯಾಕಿಲ್ಲ ಎಂದು
ಏಳು ವರ್ಷ ಕೇಳಿಲ್ಲ. ಬಾಯಿಬಿಟ್ಟು ಕೇಳುವ ಮಾತೇ ಅದು?
ಆ ಬಣ್ಣಕ್ಕೆ ಹೆಸರೂ ಇಲ್ಲ. ಅಂಗಡಿಯವನು ತಪ್ಪು ಕಲಸಿ
ಅರ್ಧ ಬೆಲೆಗೆ ಬಿಟ್ಟ ಡಬ್ಬಿ,
ಹಾಗಲಕಾಯಿ ಹಣ್ಣಾಗುವಾಗಿನ ಹಳದಿ.

ನಿನ್ನೆ ಏಪ್ರನ್ ಕೈಗೆ ತೆಗೆದುಕೊಂಡೆ.
ಎಡ ಜೇಬಿನ ಅಂಚಿಗೆ, ಹೆಬ್ಬೆರಳಷ್ಟು, ಹೊಸದು,
ಅದೇ ಹಳದಿ.

ನಾನೇನೂ ಅನ್ನಲಿಲ್ಲ. ಅವಳೂ.
ಕಿಟಕಿಯ ಬೆಳಕಿಗೊಮ್ಮೆ ಹಿಡಿದು ನೋಡಿ
ಡ್ರೈಯರಿಗೆ ಇನ್ನೊಂದು ನಾಣ್ಯ ಹಾಕಿದೆ,
ನನ್ನ ಗಲ್ಲಾಪೆಟ್ಟಿಗೆಯದು.