ನೂರ ಹದಿನಾಲ್ಕನೆಯ ಮನೆ

ನೂರ ಹದಿಮೂರಕ್ಕೆ ಊರು ಮುಗಿಯುತ್ತದೆ.
ಆಮೇಲೆ ಹಳೆಯ ರಸ್ತೆ,
ಮೈಲಿಗಲ್ಲು ಸಮೇತ ಹಿನ್ನೀರಿಗೆ ಇಳಿದದ್ದು
ಎತ್ತ ಹೋಯಿತೋ ಯಾರಿಗೂ ಹೇಳದೆ.
ನಕಾಶೆಯಲ್ಲಿ ಅಲ್ಲಿಂದಾಚೆ ನೀಲಿ.
ನೀಲಿಯಲ್ಲಿ ಜನ ಇರುವುದಿಲ್ಲ ಎಂದು
ಹಾಸನದ ತರಬೇತಿಯಲ್ಲಿ
ಊಟದ ಬಿಡುವಿಗೆ ಮುಂಚೆಯೇ ಹೇಳಿದ್ದರು.

ಆದರೆ ಹೊಗೆ ಕಂಡಿತು.

ಹೇಮಾವತಿ ಆ ವಾರ ಎರಡು ಮಾರು ಹಿಂದೆ ಸರಿದಿದ್ದಳು.
ಮುಳುಗಿದ್ದ ಗದ್ದೆಗಳ ಬದುಗಳೆಲ್ಲ ಎದ್ದು
ಬಿಸಿಲಿಗೆ ಬೆನ್ನು ಕಾಯಿಸುತ್ತಿದ್ದವು.
ಮೂರು ಕಲ್ಲಿನ ಒಲೆ, ಪಕ್ಕದಲ್ಲಿ
ಬೋರಲು ಹಾಕಿದ ಹರಿಗೋಲು,
ಒಂದು ಬದಿ ಕವೆಗೋಲಿನ ಮೇಲೆ.
ಅದರಡಿಯಿಂದ ಕೋಳಿ, ಕೋಳಿಯ ಹಿಂದೆ ಮಗು,
ಮಗುವಿನ ಹಿಂದೆ ಸೌಟು ಹಿಡಿದ ಚಿಕ್ಕತಾಯಮ್ಮ.

ಗೋಡೆ ಯಾವುದರದ್ದು? ಕೇಳಿದೆ.
ಹರಿಗೋಲಿಗೆ ಗುದ್ದಿದಳು:
ಬಿದಿರು, ಯೂರಿಯಾ ಚೀಲ, ಮೂರು ಕೋಟು ಟಾರು.
ಚಾವಣಿ?
ಅದನ್ನೇ ಇನ್ನೊಂದು ಸಲ ಗುದ್ದಿದಳು.
ನೆಲ?
'ಈಗಿಂದಾ ಮೇಷ್ಟ್ರೇ, ಬೆಳಗಿನ ಜಾವದ್ದಾ?'

ಬೆಳಗಿನ ಜಾವ ಮನೆಯನ್ನು ಮಗುಚುತ್ತಾರೆ.
ಚಾವಣಿಯೊಳಗೆ ಕೂತು ಬಲೆ ಎತ್ತಲು ಹೋಗುತ್ತಾರೆ,
ಇವಳು, ಗಂಡ ನಂಜಶೆಟ್ಟಿ, ನಡುವೆ ನಿದ್ದೆಗಣ್ಣಿನ ಸಿಂಚನ.
ಆತುರ ಪಟ್ಟರೆ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತದೆ.
ಹುಟ್ಟಿನಿಂದ ಎಂಟು ಬರೆಯಬೇಕಂತೆ ನೀರಲ್ಲಿ,
ಅಳಿಸಿದ ಹಾಗೆ ಇನ್ನೊಂದು ಎಂಟು, ಮತ್ತೊಂದು,
ಮೀನಿನ ಐಸು ಪೆಟ್ಟಿಗೆಯ ಟಿವಿಎಸ್ಸು
ಆಚೆ ದಡದಲ್ಲಿ ಹಾರನ್ ಹೊಡೆಯುವವರೆಗೆ.
ಕಾಟ್ಲಾ ಸಿಕ್ಕರೆ ಕಂಟ್ರಾಕ್ಟರಿಗೆ,
ಜಿಲೇಬಿ ಮೀನು ಸಾರಿಗೆ.

ಗೋಡೆ, ಚಾವಣಿ, ನೆಲ
ಮೂರಕ್ಕೂ ಬೇರೆ ಬೇರೆ ಕೋಡು ಇದೆ ಫಾರಮ್ಮಿನಲ್ಲಿ.
ಇತರೆ, ಇತರೆ, ಇತರೆ ಎಂದು ತುಂಬಿದೆ.

ಎಷ್ಟು ದಿನದಿಂದ ಈ ವಿಳಾಸದಲ್ಲಿ?
'ಮಂಗಳವಾರದಿಂದ.'

ಸಿಂಚನ ಹುಟ್ಟಿದ್ದೆಲ್ಲಿ?
'ಹಾರಂಗಿಯಿಂದ ಕಬಿನಿಗೆ ಹೋಗೋ ಲಾರೀಲಿ.
ಬುಟ್ಟಿಯೊಳಗೆ ಬುಟ್ಟಿ ಪೇರಿಸ್ದಂಗೆ ಆರು ಹರಿಗೋಲು,
ಮೇಗಲದ್ರಲ್ಲಿ ನಾನು.
ಬರ್ಕೊಳಿ, ಪಿರಿಯಾಪಟ್ಟಣ ದಾಟಿ, ಹಂಪು ಇತ್ತು.'
ದೋಣಿಯಲ್ಲಿ ಹುಟ್ಟಿದ ಮಗು, ಡಾಂಬರಿನ ಮೇಲೆ.
ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಹೊರಟವನ ಚೀಲ ಹಿಡಿದಳು.
'ನಂಬರು?
ಗ್ಯಾಸಿನವ್ನು ಕೇಳ್ತನೆ, ಅಂಗನವಾಡೀಲಿ ಕೇಳ್ತರೆ,
ಕೋಳಿ ಕದ್ದೋರ ಮೇಲೆ ಕಂಪ್ಲೇಂಟು ಕೊಡಕೋದ್ರೆ
ಪೋಲೀಸ್ನೋನೂವೆ ಮೊದ್ಲು ಅದನ್ನೇ ಕೇಳಿದ್ದು.'

ಕೆಮ್ಮಣ್ಣಿನ ನೀರು ಟಾರಿಗೆ ಹಿಡಿಯಲಿಲ್ಲ, ಜಾರಿತು.
ವಾಪಸು ನಡೆದೆ,
ಶಾಲೆಯ ಗೇಟಿಗೆ ಬಳಿದು ಉಳಿದಿದ್ದ ಬಿಳಿ ಪೇಂಟು ತಂದೆ.
ಡಬ್ಬ ಹಿಡಿದದ್ದು ಸಿಂಚನ.
ಒಂದು, ಒಂದು, ನಾಲ್ಕು,
ಅಂಚಿನ ಹತ್ತಿರ, ಗೇಣುದ್ದದ ಅಂಕಿಗಳು.
ಬರೆದು ಮುಗಿದ ಮೇಲೆ ಹೊಳೆಯಿತು,
ನೀರಿಗಿಳಿದರೆ ಇದು ತಲೆಕೆಳಗು.
'ಇರ್ಲಿ ಬುಡಿ,' ಅಂದಳು ಚಿಕ್ಕತಾಯಮ್ಮ,
'ನೀರಲ್ಲಿ ಯಾರು ಬಂದು ಕೇಳ್ತರೆ?'

ವಾರದ ನಂತರ ಸೂಪರ್‌ವೈಸರ್ ಫೋನು:
ರೀ, ನಿಮ್ಮ ನೂರ ಹದಿನಾಲ್ಕು
ಮ್ಯಾಪಿನಲ್ಲಿ ನೀರೊಳಗೆ ತೋರಿಸ್ತಿದೆಯಲ್ರೀ.
ಹೌದು ಸಾರ್, ಅಂದೆ.
ಸರಿ ಮಾಡಿ ಕಳಿಸಿ, ಅಂದರು.
ಸರಿಯಾಗಿಯೇ ಇದೆ ಸಾರ್, ಅಂದೆ,
ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಜುಲೈನಲ್ಲಿ ಭಾವನ ಮನೆಗೆ ಹೋಗುವ ಬಸ್ಸು
ಶೆಟ್ಟಿಹಳ್ಳಿಯ ಕಡೆ ಸೇತುವೆ ಹತ್ತಿತು.
ಮುರುಕು ಇಗರ್ಜಿಯ ಸೊಂಟಕ್ಕೆ ನೀರು.
ನಡುಗಡ್ಡೆಯಂಥ ದಿಬ್ಬದ ಮೇಲೆ
ಕಪ್ಪಗೆ, ದುಂಡಗೆ ಒಂದು ಬೆನ್ನು,
ಅಂಚಿನಲ್ಲಿ ಬಿಳಿ, ನನ್ನದೇ ಕೈಬರಹ,
ನಾಲ್ಕರ ಬಾಲ ಸ್ವಲ್ಪ ಸೊಟ್ಟ.
ಯಾರ ಬ್ಲಾಕೋ ಏನೋ ಅದು, ನನ್ನದಲ್ಲ.

ಅಂಕಿ ನೆಟ್ಟಗಿತ್ತು.
ಅಂದರೆ ಮನೆಯಲ್ಲಿದ್ದಾರೆ.
ಕಿಟಕಿಯ ಕಂಬಿಯಾಚೆ ಕೈ ಹಾಕಿ ಬೀಸಿದೆ,
ಕಂಡಕ್ಟರ್ ಬೈದ.