ಮರಳು ಕುಡಿದದ್ದು

ಕುತಾಯಿಸಿಯ ಸಬ್‌ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ
ನಾಜಿಬ್ರೋಲಾ ಸುಟ್ಟ ಫ್ಯೂಸುಗಳನ್ನು ಎಸೆಯುತ್ತಿರಲಿಲ್ಲ.
ಪಿಂಗಾಣಿ ಕೊಳವೆಗೆ ಸುತ್ತಿಗೆಯಿಂದ ಒಂದೇ ಏಟು,
ಹಳೆಯ ಪತ್ರಿಕೆಯ ಮೇಲೆ ಮರಳು ಸುರಿದು
ನಡುವೆ ಉಳಿದದ್ದನ್ನು ಎರಡು ಬೆರಳಲ್ಲಿ ಎತ್ತಿ
‘ನೋಡು’ ಅನ್ನುವಳು. ಅಷ್ಟೇ ಪಾಠ.

ನನಗಾಗ ಹತ್ತೊಂಬತ್ತು. ಕಂಡದ್ದು
ಬೂದು ಬಣ್ಣದ ಗಾಜಿನ ಕಡ್ಡಿ,
ಗಂಟು ಗಂಟು, ಒಳಗೆ ಟೊಳ್ಳು,
ಮೀನಿನ ಬೆನ್ನುಮೂಳೆಯ ಹಾಗೆ.

‘ಬೆಳ್ಳಿ ಕರಗಿತು, ಕರೆಂಟು ನಿಂತಿತು
ಅಂತ ಬರೆದಿದ್ದೀಯಲ್ಲ, ತಪ್ಪು.
ಕರಗಿದ ಮೇಲೇ ಶುರು.
ದಾರಿ ಹೋದರೂ ನಡೆಯುವವನು ನಿಲ್ಲುವುದಿಲ್ಲ,
ತಾನೇ ಸುಟ್ಟ ಬೆಳ್ಳಿಯ ಆವಿಯನ್ನು ಸೇತುವೆ ಮಾಡಿ
ಉರಿಯುತ್ತ ದಾಟುತ್ತಾನೆ,
ಪಟ್ಟಿಯ ಒಂದೊಂದು ಕಚ್ಚಿನಲ್ಲೂ ಒಂದೊಂದು ಕೊಳ್ಳಿ.
ಮರಳು ಆ ಬೆಂಕಿ ಕುಡಿದು ಗಾಜಾಗುತ್ತದೆ,
ಕುಡಿದು ಕುಡಿದು ಅವನ ಉಸಿರು ಕಟ್ಟಿಸುತ್ತದೆ.
ಎಲ್ಲ ಮುಗಿಯಲು ಎಷ್ಟು ಹೊತ್ತು ಗೊತ್ತೆ?
ನೀನು ರೆಪ್ಪೆ ಬಡಿಯಲು ಮನಸ್ಸು ಮಾಡುವಷ್ಟೂ ಇಲ್ಲ.’

ಸುಡದ ಇನ್ನೊಂದು ಪಟ್ಟಿಯ ನಡುವೆ ತವರದ ಬೊಟ್ಟು.
ಅದು ನಿಧಾನದ ಕೇಡಿಗೆ, ಎಂದಳು:
ತುಸುವೇ ಹೆಚ್ಚಾದ ಹೊರೆ, ಗಂಟೆಗಟ್ಟಲೆ.
ತವರ ಮೆತ್ತಗಾಗಿ ಬೆಳ್ಳಿಯೊಳಗೆ ಇಳಿದು
ಅದು ಕರಗುವ ಬಿಸಿ ಬರುವ ಮೊದಲೇ ತಿಂದುಹಾಕುತ್ತದೆ.
ಇದನ್ನು ಹೇಳುವಾಗ ಆಕೆ ಗಂಡನ ಮಾತೆತ್ತಲಿಲ್ಲ.
ನಾನು ಕೇಳಲೂ ಇಲ್ಲ.

ಆ ಚಳಿಗಾಲ ಕರೆಂಟು ರಾತ್ರಿ ಎರಡು ತಾಸು.
ಬಂದೊಡನೆ ಇಡೀ ಕಟ್ಟಡ ಹೀಟರು ಹಚ್ಚುವುದು,
ಮೆಟ್ಟಿಲ ಕೆಳಗೆ ಫ್ಯೂಸು ಟಪ್ಪೆನ್ನುವುದು,
ನಾಲ್ಕನೇ ಮಹಡಿಯ ಓತಿಯಾ ಬಯ್ಯುತ್ತ ಇಳಿಯುವುದು.
ಒಂದು ರಾತ್ರಿ ಅವನು ಬಯ್ಯಲಿಲ್ಲ.
ಅಂಗೈಯಲ್ಲಿ ಮೊಳೆ ಇತ್ತು, ಆರಂಗುಲದ್ದು.
ಮನೆಯಲ್ಲಿ ಹಸುಗೂಸು. ಮೇಣದ ಬತ್ತಿ ಹಿಡಿದವನು ನಾನೇ.

ಮೊಳೆ ಕರಗಲಿಲ್ಲ. ಮೊಳೆ ಯಾಕೆ ಕರಗೀತು!
ಮೂರನೇ ಮಹಡಿಯ ಗೋಡೆಯೇ ಫ್ಯೂಸಾಯಿತು.
ಸುಣ್ಣದ ಕೆಳಗೊಂದು ಕಪ್ಪು ಗೆರೆ
ಮೇಲೆ ಮೇಲೆ ಹತ್ತಿತು,
ಯಾರೋ ಒಳಗಿನಿಂದ ಬರೆಯುತ್ತಿರುವಂತೆ.
ಕೂಸು ಉಳಿಯಿತು. ಓತಿಯಾನ ಎರಡು ಬೆರಳು ಉಳಿಯಲಿಲ್ಲ.

ನಾಜಿಬ್ರೋಲಾ ಬಂದು ಇಕ್ಕಳದಲ್ಲಿ ಮೊಳೆ ಕಿತ್ತು
ಟಾರ್ಚಿನ ಬೆಳಕಿಗೆ ಹಿಡಿದಳು.
ಕೊಂಚ ನೀಲಿಗಟ್ಟಿತ್ತು. ನೆಟ್ಟಗೇ ಇತ್ತು.
ಬತ್ತಿ ಹಿಡಿದದ್ದು ಯಾರು ಎಂದು ಕೇಳಲಿಲ್ಲ.
ನನ್ನ ಕೋಟಿನ ತೋಳಿಗೆ ಅಂಟಿದ ಮೇಣ ನೋಡಿ
‘ನಾಳೆ ಬೇಗ ಬಾ,’ ಅಂದಳು.
‘ಮರಳು ಜರಡಿ ಹಿಡಿಯುವುದಿದೆ.’