ಖಾಲಿ ಎಂದು ಬರೆದ ಜಾಗ

ಹನ್ನೊಂದು ದಿನ ನಡೆದು ಎಣಿಸಿದೆ.
ರುಸ್ತಾವಿಯ ಒಂಬತ್ತು ಬಡಾವಣೆಗಳಲ್ಲಿ
ಜೋಕಾಲಿ ನಲವತ್ತೊಂದು,
ಕೂರಲು ಹಲಗೆ ಇರುವಂಥವು ಇಪ್ಪತ್ತಾರು.
ಜಾರುಬಂಡೆ ಹದಿನಾಲ್ಕು. ಒಂದಕ್ಕೆ ಏಣಿಯೇ ಇಲ್ಲ,
ಜಾರುವ ಕಡೆಯಿಂದಲೇ ಹತ್ತಿದ ಶೂಗಳ ಗುರುತು.
ಅದರ ಮುಂದೆ ‘ಬಳಕೆಯಲ್ಲಿದೆ’ ಎಂದು ಬರೆದೆ.
ಮೂರನೇ ಬಡಾವಣೆಯ ಕಬ್ಬಿಣದ ರಾಕೆಟ್ಟು
ಉಕ್ಕಿನ ಕಾರ್ಖಾನೆಯವರು ಉಳಿದ ಪೈಪು ಬೆಸೆದು ನಿಲ್ಲಿಸಿದ್ದು,
ವಸಂತಕ್ಕೊಮ್ಮೆ ಬಣ್ಣ ಕಾಣುತ್ತಿತ್ತಂತೆ, ಈಗ ತುಕ್ಕೇ ಬಣ್ಣ.
ಯಾವ ಕಾಲಮ್ಮಿಗೆ ಸೇರುತ್ತದೋ ತಿಳಿಯದೆ
‘ಇತರೆ’ಗೆ ಹಾಕಿದೆ.
ಗ್ಯಾರೇಜುಗಳ ಹಿಂದಿನ ಉದ್ದನೆಯ ನೆಲಕ್ಕೆ
ಕಂದು ಬಳಿದು ‘ಖಾಲಿ’ ಎಂದೆ,
ಕೈ ತೊಳೆದುಕೊಂಡೆ.

ಇವತ್ತು ಶಾಲೆಯ ವ್ಯಾಯಾಮದ ಹಾಲಿನಲ್ಲಿ ಸಭೆ.
ಪಿಂಗ್‌ಪಾಂಗ್ ಮೇಜಿನ ಮೇಲೆ ಊರನ್ನು ಹಾಸಿ
ಮೂಲೆ ಸುರುಳಿಯಾಗದಂತೆ ನಾಲ್ಕು ಚಹಾ ಲೋಟ ಇಟ್ಟಿದ್ದೇವೆ.
ಪಕ್ಕದಲ್ಲಿ ಕ್ಯಾಟಲಾಗು: ರಬ್ಬರಿನ ನೆಲ, ಬಿದ್ದರೂ ನೋಯದು,
ಹಾಳೆ ಹಾಳೆಗೂ ಅದೇ ಮಗು, ಅದೇ ನಗು.
ತಲೆಗೆ ಮೂರು ಹಸಿರು ಚುಕ್ಕಿ, ಹಿಂದೆ ಅಂಟು.
ಎರಡು ಸಾವಿರದ ನಲವತ್ತರಲ್ಲಿ
ಎಲ್ಲಿ ಉದ್ಯಾನ ಬೇಕೋ ಅಲ್ಲಿ ಹಚ್ಚಿ
ಎಂದರು ಎಂಜಿನಿಯರು.

ಬಾದ್ರಿ ಮೂರನ್ನೂ ಒಂದೇ ಕಡೆ ಹಚ್ಚಿ
ಪೆನ್ನಿನಿಂದ ಒಂದೊಂದಕ್ಕೂ ಗಾಲಿ ಬರೆದ.
“ಕಾರು ಎಲ್ಲಿ ನಿಲ್ಲಿಸಲಿ, ನಿಮ್ಮ ಹೂವಿನ ಕುಂಡದಲ್ಲಾ?”
ನಗು. ಆಮೇಲೆ ಜಗಳ.
ಆಮೇಲೆ ಯಾರೋ ತಗ್ಗಿದ ದನಿಯಲ್ಲಿ ಹೇಳಿದರು,
ಅವನ ತಾಯಿಯನ್ನು ಮೂರು ಬೀದಿ ಆಚೆಯಿಂದ
ಕುರ್ಚಿಯಲ್ಲಿ ತಳ್ಳಿಕೊಂಡು ಬರಬೇಕಂತೆ.
ಅದೂ ಗಾಲಿಯೇ.

ಮ್ಜೆವಿನಾರ್ ಮಾತ್ರ ಕೊನೆಯ ಚುಕ್ಕಿಯನ್ನು
ತೋರುಬೆರಳ ತುದಿಗೆ ಅಂಟಿಸಿಕೊಂಡು ನಿಂತಿದ್ದಳು.
ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕ್ರೇನು ನಡೆಸಿದವಳು,
ಎಲ್ಲವನ್ನೂ ಮೇಲಿನಿಂದ ನೋಡಿ ರೂಢಿ,
ನಕ್ಷೆ ಅವಳಿಗೆ ತಲೆಕೆಳಗಾಗುವುದಿಲ್ಲ.
“ಇದು ಮಟಮಟ ಮಧ್ಯಾಹ್ನದ ಊರು” ಎಂದಳು.
“ಒಂದು ಕಟ್ಟಡಕ್ಕೂ ನೆರಳಿಲ್ಲ.
ಬೇಸಿಗೆಯಲ್ಲಿ ಐದಕ್ಕೆ ನಮ್ಮ ಒಂಬತ್ತಂತಸ್ತಿನ ನೆರಳು
ರಾಕೆಟ್ಟಿನ ಬುಡ ಮುಟ್ಟುತ್ತದೆ,
ಆರಕ್ಕೆ ಗ್ಯಾರೇಜು ದಾಟುತ್ತದೆ.
ಮಕ್ಕಳು ನೆರಳಿನ ಹಿಂದೆ, ಕುರ್ಚಿ ಎತ್ತಿಕೊಂಡು
ನಾವು ಮಕ್ಕಳ ಹಿಂದೆ.
ಸರಿಯುವ ಚುಕ್ಕಿ ಇದ್ದರೆ ಕೊಡಿ.”

ಎಂಜಿನಿಯರು ಗಡಿಯಾರ ನೋಡಿದರು.

ಅವಳ ಮೊಮ್ಮಗಳು ನುತ್ಸಾ
ನನ್ನ ಕಂದು ಪಟ್ಟಿಯ ಮೇಲೆ ಬೆರಳಿಟ್ಟು
“ಇಲ್ಲಿಗೆ ಎಷ್ಟು ಹೊತ್ತಿಗೆ ಬಂದಿದ್ರಿ?”
ಹತ್ತೂವರೆ ಎಂದೆ.
“ಮತ್ತೆ? ಆಗ ನಾವು ಇಲ್ಲಿರ್ತೀವಲ್ಲ”
ಎಂದು ಹಾಲಿನ ನೆಲವನ್ನು ಹಿಮ್ಮಡಿಯಿಂದ ಬಡಿದಳು.

ಹನ್ನೊಂದು ದಿನವೂ ಹತ್ತರಿಂದ ಒಂದು.
ನೋಡಿದ್ದೆ.
ಕಂಡಿರಲಿಲ್ಲ.

ಸಂಜೆ ಅಳತೆಯ ಟೇಪು ಮನೆಯಲ್ಲೇ ಬಿಟ್ಟು ಹೋದೆ.
ಗ್ಯಾರೇಜಿನ ತಗಡಿನ ಮಾಡುಗಳ ಮೇಲೆ ಓಟ, ಧಡಧಡ ಗುಡುಗು,
ಕೆಳಗೆ ಕಾರಿನಡಿ ಮಲಗಿ ಯಾರೋ ಬೈಯುತ್ತಿದ್ದರು,
ಬಾದ್ರಿಯದೇ ದನಿ.
ಅನಿಲದ ಹಳದಿ ಕೊಳವೆ ದಾರಿಯ ಮೇಲೆ ಕಮಾನಾದ ಕಡೆ
ಹಗ್ಗ ಕಟ್ಟಿ ಒಬ್ಬ ಹುಡುಗ ತೂಗಿಕೊಳ್ಳುತ್ತಿದ್ದ.
ತಪ್ಪು ಅದು, ಅಪಾಯ, ಇಳಿಸಬೇಕು.
ಇಳಿಸಿದೆ, ಹಗ್ಗವನ್ನೂ ಬಿಚ್ಚಿದೆ,
ಬಿಚ್ಚಿ ಪುಸ್ತಕ ತೆಗೆದು ಬರೆದುಕೊಂಡೆ:
ನಲವತ್ತೆರಡು.
‘ಖಾಲಿ’ಯನ್ನು ಹೊಡೆದುಹಾಕಿ ‘ಬಯಲು’ ಎಂದು ತಿದ್ದಿದೆ.
ನಮ್ಮ ಬಣ್ಣದ ಪಟ್ಟಿಯಲ್ಲಿ ಬಯಲಿಗೆ ಬಣ್ಣವಿಲ್ಲ.

ನೆರಳು ಬಂತು. ಮ್ಜೆವಿನಾರ್ ತನ್ನ ಕುರ್ಚಿಯನ್ನು
ಎರಡು ಮಾರು ಸರಿಸಿ ನನಗೂ ಜಾಗ ಬಿಟ್ಟಳು.
ಅವಳ ಬೆರಳು ಬರಿದಾಗಿತ್ತು.
ಮಾಡಿನಿಂದ ಮಾಡಿಗೆ ಹಾರುವ ನುತ್ಸಾಳ
ಬೆನ್ನ ಮೇಲೆ ಏನೋ ಹಸಿರು.

ಸೋಮವಾರ ಕಡತ ಒಪ್ಪಿಸಬೇಕು.